ಭಾರರಹಿತ ಸ್ಥಿತಿಯಲ್ಲಿ ಮಾನವನ ಪ್ರಜನನ ಕೋಶಗಳು

1963ರ ಜೂನ್ ತಿಂಗಳಿನಲ್ಲಿ ವ್ಯಾಲೆಂಟೀನಾ ತೆರೆಷ್ಕೋವಾ ಅವರು ಅಂತರಿಕ್ಷಕ್ಕೇರಿದ ಪ್ರಥಮ ಮಹಿಳೆಯಾದರು. ಅದೇ ವರ್ಷ ಅವರು ಮತ್ತೊಬ್ಬ ಗಗನಯಾತ್ರಿ ಆಂಡ್ರಿಯಾನ್ ನಿಕೊಲಾಯೆವ್ ಅವರನ್ನು ವಿವಾಹವಾದರು. 1964ರಲ್ಲಿ ಅವರಿಗೆ ಹೆಣ್ಣು ಮಗು ಜನಿಸಿತು. ತಾಯಿತಂದೆಗಳಿಬ್ಬರೂ ಅಂತರಿಕ್ಷದಲ್ಲಿ ಸಂಚರಿಸಿ ಬಂದಿದ್ದ ಮೊದಲನೆಯ ಶಿಶು ಅದು. ಮಗು ಆರೋಗ್ಯವಾಗಿಯೇ ಬೆಳೆಯಿತು. ಆದರೆ ಅದು ಗರ್ಭದಲ್ಲಿ ಮೂಡಿದುದೂ ಬೆಳೆದುದೂ ಭೂಮಿಯ ಮೇಲೆಯೇ. ಭಾರರಹಿತ ಸ್ಥಿತಿಯಲ್ಲಿಯೇ ವೀರ್ಯಾಣುವು ಅಂಡಾಣುವನ್ನು ಕೂಡಬಲ್ಲುದೆ? ಕೂಡಿದರೆ ಶಿಶುವಾಗಬಲ್ಲುದೆ? ಈ ಪ್ರಶ್ನೆಗೆ ಆ ಜನನವು ಉತ್ತರವಾಗಲಾರದು.

ಭಾರರಹಿತ ಸ್ಥಿತಿಯೆಂದರೆ ಗುರುತ್ವಾಕರ್ಷಣೆಯೇ ಇಲ್ಲದಿರುವುದೆಂದು ಅನೇಕರು ಭಾವಿಸುವುದುಂಟು. ಇದು ಸರಿಯಲ್ಲ. ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರಿಕ್ಷ ನಿಲ್ದಾಣದ ಮೇಲೆ ಭೂಮಿಯ ಸೆಳೆತವು ನೆಲದ ಮೇಲಿರುವುದರ ಶೇಕಡಾ 90ರಷ್ಟು ಇದ್ದೇ ಇರುತ್ತದೆ. ಹಗ್ಗ ಕಡಿದು ಬಾವಿಗೆ ಬೀಳುತ್ತಿರುವ ಕೊಡದೊಳಗಿನ ಕಲ್ಲು ಕೊಡದ ತಳವನ್ನು ಒತ್ತುವುದಿಲ್ಲ. ಎರಡೂ ಒಂದೇ ವೇಗದಲ್ಲಿ ಬೀಳುತ್ತಿರುತ್ತವೆ. ನಿಲ್ದಾಣವೂ ಅದರೊಳಗಿನವರೂ ಹೀಗೆಯೇ ಭೂಮಿಯ ಸುತ್ತ ನಿರಂತರವಾಗಿ ಬೀಳುತ್ತಿರುತ್ತಾರೆ. ಆದ್ದರಿಂದಲೇ ಅಲ್ಲಿ ಭಾರವು ಅನುಭವಕ್ಕೆ ಬರುವುದಿಲ್ಲ.

ಅಂಡಾಣುವಿನ ವ್ಯಾಸ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ವೀರ್ಯಾಣುವಿನ ಉದ್ದ ಅದರ ಅರ್ಧದಷ್ಟು; ಅದರಲ್ಲಿಯೂ ಬಹುಪಾಲು ಬಾಲವೇ. ಇಷ್ಟು ಸೂಕ್ಷ್ಮವಾದ ಕೋಶಕ್ಕೆ ಭಾರದ ಪರಿವೆ ಎಲ್ಲಿಯದು ಎಂಬ ಸಂದೇಹ ಸಹಜ. ಆದರೆ ಪ್ರತಿಯೊಂದು ಕೋಶದೊಳಗೂ ಪ್ರೋಟೀನಿನ ಎಳೆಗಳಿಂದಾದ ಹಂದರವಿರುತ್ತದೆ. ಕೋಶದ ಆಕಾರವನ್ನು ಕಾಯುವುದೂ, ವಿಭಜನೆಯ ಕಾಲದಲ್ಲಿ ವರ್ಣತಂತುಗಳನ್ನು ಸಮನಾಗಿ ಹಂಚುವುದೂ ಇಂತಹ ಎಳೆಗಳೇ. ಭಾರರಹಿತ ಸ್ಥಿತಿಯಲ್ಲಿ ಈ ಹಂದರದ ವಿನ್ಯಾಸ ವ್ಯತ್ಯಾಸಗೊಳ್ಳುವುದು ಅನೇಕ ಬಗೆಯ ಕೋಶಗಳಲ್ಲಿ ಕಂಡುಬಂದಿದೆ. ಹಂಚಿಕೆ ತಪ್ಪಿದರೆ ಭ್ರೂಣದ ಬೆಳವಣಿಗೆಯೇ ಕೆಡಬಹುದು.

ವೀರ್ಯಾಣುಗಳ ಬಗೆಗೆ ದೊರೆತ ಫಲಿತಾಂಶಗಳು ಏಕರೂಪವಾಗಿಲ್ಲ. ಸೀ ಅರ್ಚಿನ್ ಎಂಬ ಕಡಲ ಪ್ರಾಣಿಯ ವೀರ್ಯಾಣುಗಳನ್ನು 1997ರಲ್ಲಿ ಅಂತರಿಕ್ಷಕ್ಕೆ ಒಯ್ದಾಗ, ಚಲನೆಯನ್ನು ಪ್ರಚೋದಿಸುವ ರಾಸಾಯನಿಕ ಬದಲಾವಣೆಗಳು ಅವುಗಳಲ್ಲಿ ಬೇಗನೆ ಸಂಭವಿಸಿದವು. 2018ರಲ್ಲಿ ಮಾನವನ ಮತ್ತು ಹೋರಿಯ ವೀರ್ಯಾಣುಗಳನ್ನು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಕಳುಹಿಸಿ ಪರೀಕ್ಷಿಸಲಾಯಿತು. 2019ರಲ್ಲಿ ಬಾರ್ಸಿಲೋನಾದ ಸಂಶೋಧಕರು ಘನೀಕರಿಸಿದ ಮಾನವ ವೀರ್ಯವನ್ನು ಸಣ್ಣ ವಿಮಾನದಲ್ಲಿ ಕೆಲವು ಸೆಕೆಂಡುಗಳ ಭಾರರಹಿತ ಸ್ಥಿತಿಗೆ ಮತ್ತೆ ಮತ್ತೆ ಒಡ್ಡಿದರು. ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಹೆಪ್ಪುಗಟ್ಟಿ ನಿಶ್ಚಲವಾಗಿರುವ ಕೋಶದ ಸಹನೆ ಬೇರೆ, ಗುರಿಯತ್ತ ಈಜಬೇಕಾದ ಕೋಶದ ಸಾಮರ್ಥ್ಯ ಬೇರೆ.

ಅಂತರಿಕ್ಷದಲ್ಲಿ ಭಾರರಹಿತ ಸ್ಥಿತಿಯ ಜೊತೆಗೆ ವಿಕಿರಣವೂ ಇರುತ್ತದೆ. ಪುರುಷನ ದೇಹದಲ್ಲಿ ಹೊಸ ವೀರ್ಯಾಣುಗಳು ಸುಮಾರು ಎರಡೂವರೆ ತಿಂಗಳಲ್ಲಿ ಸಿದ್ಧವಾಗುತ್ತವೆ. ಸ್ತ್ರೀಯ ಅಂಡಕೋಶಗಳ ಸಂಗ್ರಹವಾದರೋ ಆಕೆ ಹುಟ್ಟುವ ಮೊದಲೇ ರೂಪುಗೊಂಡಿರುತ್ತದೆ. ಆದಕಾರಣ ಅದಕ್ಕೊದಗಿದ ನಷ್ಟವನ್ನು ತುಂಬಿಕೊಳ್ಳುವುದು ಸುಲಭವಲ್ಲ. ಈ ದೃಷ್ಟಿಯಿಂದ ಜಪಾನಿನ ತೆರುಹಿಕೊ ವಾಕಾಯಾಮಾ ಮತ್ತು ಸಂಗಡಿಗರ ಪ್ರಯೋಗ ಗಮನಾರ್ಹವಾದುದು. ಒಣಗಿಸಿದ ಇಲಿಯ ವೀರ್ಯವನ್ನು ಅವರು 2013ರಿಂದ ಒಂಬತ್ತು ತಿಂಗಳ ಕಾಲ ನಿಲ್ದಾಣದಲ್ಲಿರಿಸಿದರು. ವಂಶವಾಹಿ ದ್ರವ್ಯಕ್ಕೆ ಸ್ವಲ್ಪ ಹಾನಿಯಾಗಿದ್ದರೂ, ಅದರಿಂದ ಭೂಮಿಯ ಮೇಲೆ ಆರೋಗ್ಯವಂತ ಮರಿಗಳು ಹುಟ್ಟಿದವು.

ಇನ್ನು ಗರ್ಭಾಂಕುರದ ಸಂಗತಿ. 1979ರಲ್ಲಿ ಸೋವಿಯತ್ ಉಪಗ್ರಹವೊಂದರಲ್ಲಿ ಗಂಡು ಹೆಣ್ಣು ಇಲಿಗಳನ್ನು ಒಟ್ಟಿಗೆ ಕಳುಹಿಸಲಾಗಿತ್ತು, ಮರಿಗಳಾಗಲಿಲ್ಲ. 1994ರಲ್ಲಿ ಜಪಾನಿನ ಮೆಡಾಕಾ ಮೀನುಗಳು ಕೊಲಂಬಿಯಾ ನೌಕೆಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿದವು. ಎಲ್ಲ ದಿಕ್ಕುಗಳಿಗೂ ತಿರುಗುತ್ತ ಭಾರರಹಿತ ಸ್ಥಿತಿಯನ್ನು ಅನುಕರಿಸುವ ಯಂತ್ರದಲ್ಲಿ ಇಲಿಯ ಕೋಶಗಳನ್ನಿರಿಸಿ ನಡೆಸಿದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಫಲೀಕರಣವು ಎಂದಿನಂತೆ ನಡೆಯಿತು. ಮುಂದಿನ ಬೆಳವಣಿಗೆ ಕುಂದಿ, ಹುಟ್ಟಿದ ಮರಿಗಳ ಸಂಖ್ಯೆ ಕಡಿಮೆಯಾಯಿತು. 2021ರಲ್ಲಿ ಎರಡು ಕೋಶಗಳ ಹಂತದ ಇಲಿಯ ಭ್ರೂಣಗಳನ್ನು ನಿಲ್ದಾಣದಲ್ಲಿಯೇ ನಾಲ್ಕು ದಿನ ಬೆಳೆಸಿದಾಗ, ಮರಿಯಾಗಬೇಕಾದ ಭಾಗವೂ ಮಾಸಾಗಬೇಕಾದ ಭಾಗವೂ ಬೇರ್ಪಟ್ಟು ರೂಪುಗೊಂಡವು. ಆದರೆ ಗರ್ಭಾಶಯದಲ್ಲಿ ಅಂಟಿಕೊಂಡು ಬೆಳೆಯುವುದು ಅದರ ಮುಂದಿನ ಹಂತ.

ಮಂಗಳಗ್ರಹದಲ್ಲಿ ನೆಲೆಸುವ ಮಾತು ಇಂದು ಕೇಳಿಬರುತ್ತಿದೆ. ಅಲ್ಲಿಗೆ ಹೋಗಲು ಹಲವು ತಿಂಗಳ ಪಯಣ. ಅಲ್ಲಿನ ಸೆಳೆತ ಭೂಮಿಯದರ ಶೇಕಡಾ 38ರಷ್ಟು. ಹೊರಡುವವರು ಅಪಾಯವನ್ನರಿತು, ಒಪ್ಪಿ ಹೊರಡುತ್ತಾರೆ. ಅಲ್ಲಿ ಹುಟ್ಟಬೇಕಾದ ಮಗುವನ್ನಾದರೋ ಯಾರೂ ಕೇಳಲಾರರು. ಆದುದರಿಂದ ಮಾನವನ ವಿಷಯದಲ್ಲಿ ಆತುರ ಸಲ್ಲದು. ಭೂಮಿಯ ಸೆಳೆತವು ನಮ್ಮ ಕಾಲನ್ನು ನೆಲಕ್ಕೆ ಹಿಡಿದಿಡುವುದಷ್ಟೇ ಅಲ್ಲ. ತಾಯಿಯ ಒಡಲಿನಲ್ಲಿ ಜೀವವು ಮೊದಲ ಬಾರಿಗೆ ಎರಡಾಗಿ ಸೀಳುವ ಗಳಿಗೆಯಲ್ಲಿಯೂ ಅದು ಜೊತೆಗಿರುತ್ತದೆ. ಅದನ್ನು ಬಿಟ್ಟು ಹೋಗುವ ಮುನ್ನ ಅದರ ಪಾತ್ರವೆಷ್ಟೆಂಬುದನ್ನು ತಿಳಿಯುವುದು ವಿಜ್ಞಾನದ ಕರ್ತವ್ಯವಾಗಿದೆ.