ಫೋನಿನೊಳಗಿನ ಟೆನಿಸ್ ಪಾಠ

ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದೇ ಇಂದು ಅನೇಕ ತಾಯಂದಿರಿಗೆ ದೊಡ್ಡ ಕೆಲಸ. ಅಂಥದ್ದರಲ್ಲಿ ಮಗಳು "ಅಮ್ಮೀ, ಫೋನ್ ಕೊಡಿ, ಟೆನಿಸ್ ಕಲೀಬೇಕು" ಎಂದರೆ ಅನುಮಾನ ಬರುವುದು ಸಹಜ. ಆದರೂ ಆ ಮಾತನ್ನು ಒಮ್ಮೆಲೇ ತಳ್ಳಿಹಾಕಬೇಡಿ.

ಧಾರವಾಡಕ್ಕೆ ಟೆನಿಸ್ ಹೊಸದಲ್ಲ. ಇಲ್ಲಿನ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಲ್ಲಿ 2023ರ ಅಕ್ಟೋಬರ್‌ನಲ್ಲಿ ಪುರುಷರ ಅಂತಾರಾಷ್ಟ್ರೀಯ ಪಂದ್ಯಾವಳಿಯೇ ನಡೆಯಿತು. ಆದರೆ ಹಳೇ ಹುಬ್ಬಳ್ಳಿಯ ಹುಡುಗಿಗೆ ಧಾರವಾಡ ಸುಮಾರು 20 ಕಿಲೋಮೀಟರ್ ದೂರ. ಚಿಗರಿ ಬಸ್ಸಿದೆ ನಿಜ, ಶಾಲೆ, ಟ್ಯೂಷನ್ ಮುಗಿಸಿ ಹೋಗಿಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಜೂನ್ ಬಂತೆಂದರೆ ಮಳೆ. ಹುಡುಗಿಗೆ 12-13 ವರ್ಷವಾದಾಗ ಮನೆಯವರು ಮಹಿಳಾ ತರಬೇತುದಾರರನ್ನು ಹುಡುಕುತ್ತಾರೆ, ಸಿಗದಿದ್ದರೆ ರ‍್ಯಾಕೆಟ್ ಕಪಾಟಿನ ಮೇಲೆ ಹೋಗಿ ಕೂರುತ್ತದೆ. ಹೀಗೆ ಆಟ ನಿಂತುಹೋದ ಹುಡುಗಿಯರನ್ನು ಶಿಕ್ಷಕ ವೃತ್ತಿಯಲ್ಲಿ ಕಂಡಿದ್ದೇನೆ. ವೀಡಿಯೋ ಪಾಠ ಉಪಯೋಗಕ್ಕೆ ಬರುವುದು ಇಂಥ ಮನೆಗಳಲ್ಲೇ.

ನೋಡಿ ಕಲಿತು ದೊಡ್ಡ ಆಟಗಾರರಾದವರು ಇಲ್ಲದಿಲ್ಲ. ಇರಾನಿನ ಮನ್ಸೂರ್ ಬಹ್ರಾಮಿ ತೆಹ್ರಾನಿನಲ್ಲಿ ಚೆಂಡು ಹೆಕ್ಕಿಕೊಡುವ ಹುಡುಗನಾಗಿದ್ದರು. ಅಂಕಣಕ್ಕಿಳಿದು ಆಡಲು ಅವರಿಗೆ ಅನುಮತಿ ಇರಲಿಲ್ಲ, ಕೈಯಲ್ಲಿ ರ‍್ಯಾಕೆಟ್ ಕೂಡ ಇರಲಿಲ್ಲ. ಬಾಣಲೆ, ಕಸದ ಮೊರಗಳಿಂದಲೇ ಚೆಂಡು ಹೊಡೆದು ಅಭ್ಯಾಸ ಮಾಡಿದ ಅವರು 1989ರಲ್ಲಿ ಫ್ರೆಂಚ್ ಓಪನ್ ಡಬಲ್ಸ್ ಫೈನಲ್ ಆಡಿದರು.

ವೀಡಿಯೋದಿಂದ ಚೆನ್ನಾಗಿ ಕಲಿಯಬಹುದಾದದ್ದು ರ‍್ಯಾಕೆಟ್ ಹಿಡಿಯುವ ಕ್ರಮ. ಫೋರ್‌ಹ್ಯಾಂಡ್ ಹೊಡೆತಕ್ಕೆ ಯಾರಿಗಾದರೂ ಕೈಕುಲುಕುವಂತೆ ಹಿಡಿಯುವುದು ಸುಲಭದ ಆರಂಭ. ಸರ್ವ್ ಮಾಡಲು ಮಾತ್ರ ಸುತ್ತಿಗೆ ಹಿಡಿದಂತೆ ಹಿಡಿಯಬೇಕು. ಹೊಸಬರು ಬಾಣಲೆ ಹಿಡಿದಂತೆ ಹಿಡಿದು ಸರ್ವ್ ಮಾಡುತ್ತಾರೆ, ಚೆಂಡು ದಾಟುತ್ತದೆ, ಆದ್ದರಿಂದ ತಪ್ಪು ತಿಳಿಯುವುದೇ ಇಲ್ಲ. ಕಾಲಿಡುವ ರೀತಿ, ಭುಜ ತಿರುಗಿಸುವುದು, ಚೆಂಡು ದೇಹದ ಮುಂದೆ ಇರುವಾಗಲೇ ಹೊಡೆಯುವುದು, ಇವನ್ನೂ ನಿಲ್ಲಿಸಿ ನಿಲ್ಲಿಸಿ ನೋಡಬಹುದು. ತರಬೇತುದಾರರು ಹತ್ತು ಸಲ ಮಾಡಿ ತೋರಿಸಿಯಾರು, ಫೋನ್ ನೂರು ಸಲ ತೋರಿಸುತ್ತದೆ.

ಆದರೆ ಜೋಳದ ರೊಟ್ಟಿ ಬಡಿಯುವುದನ್ನು ವೀಡಿಯೋದಲ್ಲಿ ನೋಡಿದವರಿಗೆಲ್ಲ ರೊಟ್ಟಿ ಬರುತ್ತದೆಯೇ? ಪಕ್ಕದಲ್ಲಿ ಕುಳಿತ ಅತ್ತೆಯೋ ತಾಯಿಯೋ "ಅಂಚು ದಪ್ಪಾತು ನೋಡು" ಎನ್ನಬೇಕು. ವೀಡಿಯೋದ ಗುರು ನಮ್ಮ ಹುಡುಗಿಯನ್ನು ನೋಡುವುದಿಲ್ಲ. ಆ ಕೊರತೆ ತುಂಬುವ ಉಪಾಯವೂ ಅದೇ ಫೋನಿನಲ್ಲಿದೆ: ಮಗಳ ಹೊಡೆತವನ್ನು ನೀವೇ ಚಿತ್ರೀಕರಿಸಿ. ಚೆಂಡು ರ‍್ಯಾಕೆಟ್ಟಿನ ತಂತಿಗಳ ಮೇಲೆ ಇರುವುದು ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ಹೊತ್ತು ಮಾತ್ರ. ಸೆಕೆಂಡಿಗೆ 30 ಚಿತ್ರ ಹಿಡಿಯುವ ಮಾಮೂಲಿ ವೀಡಿಯೋದಲ್ಲಿ ಆ ಗಳಿಗೆ ಬಹುಮಟ್ಟಿಗೆ ತಪ್ಪಿಹೋಗುತ್ತದೆ. ಈಗಿನ ಅನೇಕ ಫೋನುಗಳ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 120 ಅಥವಾ 240 ಚಿತ್ರಗಳು ಸಿಗುತ್ತವೆ. ಒಮ್ಮೆ ಪಕ್ಕದಿಂದ, ಒಮ್ಮೆ ಹಿಂದಿನಿಂದ ತೆಗೆದು ಪಾಠದ ವೀಡಿಯೋದ ಜೊತೆ ಹೋಲಿಸಿದರೆ ಮೊಣಕೈ ಎಲ್ಲಿ ಮಡಚಿದೆ, ಚೆಂಡು ಎಷ್ಟು ತಡವಾಯಿತು ಎಂಬುದು ಟೆನಿಸ್ ಗೊತ್ತಿಲ್ಲದ ತಾಯಿಗೂ ಕಾಣುತ್ತದೆ. ಒಂದು ದಿನಕ್ಕೆ ಒಂದೇ ತಪ್ಪು ತಿದ್ದಿ. ಮಗಳ ವೀಡಿಯೋ ಮನೆಯ ಫೋನಿನಲ್ಲೇ ಇರಲಿ, ಎಲ್ಲೆಲ್ಲೂ ಹಂಚುವ ಅಗತ್ಯವಿಲ್ಲ.

ಟುನೀಷಿಯಾದ ಉನ್ಸ್ ಜಾಬಿರ್‌ಗೆ ಮೂರನೇ ವಯಸ್ಸಿನಲ್ಲಿ ಟೆನಿಸ್ ಪರಿಚಯಿಸಿದ್ದು ಆಕೆಯ ತಾಯಿ. 2022 ಮತ್ತು 2023ರಲ್ಲಿ ಆಕೆ ವಿಂಬಲ್ಡನ್ ಫೈನಲ್ ತಲುಪಿದರು.

ಒಂದು ಎಚ್ಚರಿಕೆ. ದೊಡ್ಡ ಆಟಗಾರರ ಹೊಡೆತವನ್ನು ಮಕ್ಕಳು ಮಣಿಕಟ್ಟು ತಿರುಗಿಸಿ ನಕಲು ಮಾಡಬಾರದು. ಫೋರ್‌ಹ್ಯಾಂಡಿಗೇ ಹೆಸರಾಗಿದ್ದ ಸಾನಿಯಾ ಮಿರ್ಜಾರಿಗೇ 2008ರಲ್ಲಿ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾಯಿತು. ಚಿಕ್ಕವರಿಗೆ 27 ಇಂಚಿನ ರ‍್ಯಾಕೆಟ್ ಬೇಡ, ಎತ್ತರಕ್ಕೆ ತಕ್ಕ ಚಿಕ್ಕದು ಕೊಡಿಸಿ. ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸಬಾರದೆಂದು 2012ರಿಂದ ಅಂತಾರಾಷ್ಟ್ರೀಯ ನಿಯಮವೇ ಇದೆ. ಅವರಿಗಾಗಿ ನಿಧಾನವಾಗಿ ಪುಟಿಯುವ ಕೆಂಪು, ಕಿತ್ತಳೆ, ಹಸಿರು ಗುರುತಿನ ಚೆಂಡುಗಳಿವೆ.

ಮನೆಯ ಮಾಳಿಗೆಯ ಗೋಡೆ ಅಭ್ಯಾಸಕ್ಕೆ ಸಾಕು, ನೆರೆಮನೆಯವರ ಮಧ್ಯಾಹ್ನದ ನಿದ್ದೆಯ ಹೊತ್ತು ಬಿಟ್ಟು. ತಿಂಗಳಿಗೊಮ್ಮೆಯಾದರೂ ಧಾರವಾಡಕ್ಕೆ ಕರೆದೊಯ್ದು, ತೆಗೆದಿಟ್ಟ ವೀಡಿಯೋಗಳನ್ನು ಬಲ್ಲ ತರಬೇತುದಾರರಿಗೆ ತೋರಿಸಿ. ಕೈ ನೋಯುತ್ತಿದೆ ಎಂದರೆ ಅಂದೇ ಆಟ ನಿಲ್ಲಿಸಿ, ನೋವು ಹೋಗದಿದ್ದರೆ ಮೊದಲು ವೈದ್ಯರ ಬಳಿ ಹೋಗಿ.