ರತ್ನಗಂಬಳಿಯ ನೀರನ್ನು ಹೀರುವ ಮೋಟಾರು

ನಮ್ಮ ಕಡಲ ಕರೆಯ ಮನೆಗಳಿಗೆ ರತ್ನಗಂಬಳಿಯು ಹೊಸ ಅತಿಥಿ. ಸೆಗಣಿ ಸಾರಿಸಿದ ನೆಲ, ಓಲೆಯ ಚಾಪೆ, ಮದುವೆ ಮುಂಜಿಗಳಿಗೆ ನವಲಗುಂದದ ಜಮಖಾನೆ, ಇಷ್ಟೇ ಹಿಂದಿನವರ ಹಾಸು. ಚಾಪೆಯನ್ನು ಕೊಡಹಿದರೆ ಧೂಳು ಹೋಗುತ್ತಿತ್ತು; ಜಮಖಾನೆಯನ್ನು ಒಗೆದು ಬಿಸಿಲಿಗೆ ಹರಹಿದರೆ ಸಂಜೆಯೊಳಗಾಗಿ ಒಣಗುತ್ತಿತ್ತು. ಈಗಲಾದರೋ ಧಾರೇಶ್ವರದಂತಹ ಸಣ್ಣ ಕ್ಷೇತ್ರದಲ್ಲಿಯೂ ನುಣುಪಾದ ಟೈಲುಗಳ ಮೇಲೆ ದಪ್ಪ ರೋಮದ ಕಾರ್ಪೆಟ್ಟು, ಅದರ ಸುತ್ತ ಬಟ್ಟೆ ಹೊದಿಸಿದ ಸೋಫಾ, ಅಂಗಳದಲ್ಲಿ ಮೆತ್ತೆಯಾಸನಗಳ ಕಾರು. ಇವನ್ನು ಒಗೆಯುವ ಕಲ್ಲಿಗೆ ಒಯ್ಯುವಂತಿಲ್ಲ. ಆದಕಾರಣ, ಇದ್ದಲ್ಲಿಯೇ ತೊಳೆದು ನೀರನ್ನು ಮರಳಿ ಹೀರಿಕೊಳ್ಳುವ ಕೈಯಂತ್ರವೊಂದು ಬಳಕೆಗೆ ಬಂದಿದೆ. ಶಾಮಿಯಾನದವರೂ ಕಾರು ತೊಳೆಯುವವರೂ ಇದನ್ನು ಇಟ್ಟುಕೊಳ್ಳುತ್ತಾರೆ. ಮನೆಗಳಿಗೆಂದೇ ಮಾಡಿದ ಸಣ್ಣ ಮಾದರಿಗಳೂ ಉಂಟು. ಕೊಳ್ಳುವಾಗ ಏನನ್ನು ನೋಡತಕ್ಕದ್ದೆಂಬ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವೆನು.

ಯಂತ್ರದ ಹೊಟ್ಟೆಯಲ್ಲಿ ಎರಡು ತೊಟ್ಟಿಗಳಿರುವುವು. ಒಂದರಲ್ಲಿರುವ ಸಾಬೂನಿನ ನೀರನ್ನು ಸಣ್ಣ ಪಂಪು ರೋಮಗಳೊಳಗೆ ಚಿಮ್ಮಿಸುವುದು. ಕೊಳೆಯೊಡನೆ ಆ ನೀರು ಕೊಳವೆಯ ಮೂಲಕ ಇನ್ನೊಂದು ತೊಟ್ಟಿಗೆ ಹಿಂದಿರುಗುವುದು. ಚಿಮ್ಮಿಸುವುದು ದೊಡ್ಡ ವಿದ್ಯೆಯಲ್ಲ. ಹೂಗಿಡಗಳಿಗೆ ನೀರೆರೆಯುವ ಝಾರಿಯೂ ಆ ಕೆಲಸವನ್ನು ಮಾಡೀತು. ಹೀರುವ ಮೋಟಾರೇ ಯಂತ್ರದ ಪ್ರಾಣ. ಅದು ಬಿಟ್ಟುಹೋದ ನೀರೆಲ್ಲವೂ ಮನೆಯೊಡತಿಯ ಪಾಲಿಗೆ ಬರುವುದು.

ಬಯಲುಸೀಮೆಯಲ್ಲಿ ಇದು ಅಷ್ಟು ಚಿಂತೆಯ ವಿಷಯವಲ್ಲ. ನಮ್ಮಲ್ಲಿ ಹಾಗಲ್ಲ. ಕುಮಟೆ ಹೊನ್ನಾವರಗಳ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ತಿಂಗಳುಗಳಲ್ಲಿ ಗಾಳಿಯೇ ನೀರಿನಿಂದ ತೃಪ್ತವಾಗಿರುವಾಗ ಅದು ಕಾರ್ಪೆಟ್ಟಿನ ನೀರನ್ನು ಎಲ್ಲಿಂದ ಸ್ವೀಕರಿಸೀತು? ತೇವವಾದ ಹಾಸು 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯತೊಡಗುವುದು. ಉಬ್ಬಸದ ಮಕ್ಕಳಿರುವ ಮನೆಯಲ್ಲಿ ಇದು ಕೇವಲ ದುರ್ಗಂಧದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇನ್ನೊಂದು ಲೆಕ್ಕವನ್ನೂ ನೋಡಿರಿ. ಒಂದು ಲೀಟರ್ ನೀರು ಆವಿಯಾಗಿ ಹೋಗಬೇಕಾದರೆ ಸುಮಾರು ಮೂರರಲ್ಲಿ ಎರಡು ಯೂನಿಟ್ ವಿದ್ಯುತ್ತಿಗೆ ಸಮನಾದ ಉಷ್ಣವು ಬೇಕು. 1200 ವ್ಯಾಟಿನ ಮೋಟಾರನ್ನು ಐದು ನಿಮಿಷ ಓಡಿಸಿದರೆ ಖರ್ಚಾಗುವುದು ಒಂದು ಯೂನಿಟ್ಟಿನ ಹತ್ತನೆಯ ಒಂದಂಶ ಮಾತ್ರ. ನೀರನ್ನು ನೀರಾಗಿಯೇ ತೆಗೆಯುವುದು ಅಗ್ಗ. ಆವಿಯಾಗಿಸಿ ತೆಗೆಯುವುದು ದುಬಾರಿ.

ಅಂಗಡಿಯಲ್ಲಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ವ್ಯಾಟಿನ ಸಂಖ್ಯೆ. 1400 ಎಂದಿದ್ದರೆ 1000ಕ್ಕಿಂತ ಮೇಲೆಂದು ಕೊಳ್ಳುವವರು ಬಹಳ. ಆದರೆ ವ್ಯಾಟು ಮೋಟಾರು ತಿನ್ನುವ ಅನ್ನದ ಅಳತೆ, ಮಾಡುವ ಕೆಲಸದ ಅಳತೆಯಲ್ಲ. ಆಳಿನ ಊಟವನ್ನು ನೋಡಿ ಕೂಲಿಯನ್ನು ನಿಶ್ಚಯಿಸುವವರು ನಮ್ಮಲ್ಲಿ ಯಾರೂ ಇಲ್ಲ.

ಕೆಲಸದ ಅಳತೆಯು ಬೇರೆ. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ವಾಯುವಿಗೆ ರೂಪವಿಲ್ಲ, ಸ್ಪರ್ಶವುಂಟು ಎಂದು ನಮ್ಮ ತಾರ್ಕಿಕರು ಹೇಳಿದರು. ಅದಕ್ಕೆ ಭಾರವೂ ಉಂಟೆಂಬುದನ್ನು 1643ರ ಸುಮಾರಿಗೆ ಇಟಲಿಯ ಟಾರಿಚೆಲ್ಲಿಯು ಪಾದರಸದ ನಳಿಗೆಯಿಂದ ತೋರಿಸಿದನು. ಮೇಲಿನ ವಾಯುಮಂಡಲವು ಎಲ್ಲವನ್ನೂ ಸದಾ ಒತ್ತುತ್ತಿರುವುದು. ಆ ಒತ್ತಡವು ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ತಡೆದು ನಿಲ್ಲಿಸಬಲ್ಲುದು. ಮೋಟಾರು ನೀರನ್ನು ಎಳೆಯುವುದೆಂಬುದು ವ್ಯವಹಾರದ ಮಾತು. ವಸ್ತುತಃ ಅದರ ಪಂಕವು ತೊಟ್ಟಿಯೊಳಗಿನ ಗಾಳಿಯನ್ನು ಹೊರಗೆಸೆಯುವುದು. ಒಳಗೆ ಒತ್ತಡವು ಕಡಮೆಯಾಗಲು, ಹೊರಗಿನ ವಾಯುವೇ ನೀರನ್ನು ಒಳಕ್ಕೆ ನೂಕುವುದು. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರನು ಧೂಳು ಹೀರುವ ತನ್ನ ಯಂತ್ರಕ್ಕೆ ಈ ತತ್ತ್ವವನ್ನೇ ಬಳಸಿದನು. ಮರುವರ್ಷ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಗಳು ಆ ಯಂತ್ರದಿಂದ ಶುದ್ಧವಾದುವು.

ಹೀಗಿರುವಲ್ಲಿ ಎರಡು ಪ್ರಮಾಣಗಳನ್ನು ಕೇಳಬೇಕಾಗುವುದು. ಕೊಳವೆಯ ಬಾಯನ್ನು ಪೂರ್ತಿ ಮುಚ್ಚಿದಾಗ ಒಳಗಿನ ಒತ್ತಡವು ಎಷ್ಟು ಇಳಿಯುವುದೆಂಬುದು ಒಂದು, ಇದನ್ನು ಸೆಳೆತವೆನ್ನೋಣ. ವಿದೇಶದ ಯಂತ್ರಗಳಲ್ಲಿ ನೀರಿನ ಇಂಚುಗಳಿಂದಲೂ, ಬೇರೆಡೆ ಕಿಲೋಪ್ಯಾಸ್ಕಲಿನಿಂದಲೂ ಇದನ್ನು ಬರೆಯುವರು. ಒಂದು ಕಿಲೋಪ್ಯಾಸ್ಕಲೆಂದರೆ ಸುಮಾರು 10 ಸೆಂಟಿಮೀಟರ್, ಅಥವಾ 4 ಇಂಚು ನೀರು. ಬಾಯನ್ನು ಪೂರ್ತಿ ತೆರೆದಾಗ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಹರಿಯುವುದೆಂಬುದು ಇನ್ನೊಂದು, ಇದು ಪ್ರವಾಹ. ಸೆಳೆತವು ನೀರನ್ನು ನೂಲಿನ ಬುಡದಿಂದ ಬಿಡಿಸುವುದು, ಪ್ರವಾಹವು ಬಿಡಿಸಿದ ಹನಿಗಳನ್ನು ಹೊತ್ತೊಯ್ಯುವುದು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನವಿಲ್ಲ.

ಇಲ್ಲಿಯೇ ವ್ಯಾಪಾರದ ಚಾತುರ್ಯವು ಅಡಗಿದೆ. ಬಾಯಿ ಮುಚ್ಚಿದಾಗ ಪ್ರವಾಹವು ಶೂನ್ಯ. ತೆರೆದಾಗ ಸೆಳೆತವು ಬಹುಮಟ್ಟಿಗೆ ಶೂನ್ಯ. ಡಬ್ಬದ ಮೇಲಿನ ಎರಡು ದೊಡ್ಡ ಸಂಖ್ಯೆಗಳು ಎಂದಿಗೂ ಒಟ್ಟಿಗೆ ಸಂಭವಿಸುವುದಿಲ್ಲ. ಕೆಲಸವೆಲ್ಲ ನಡೆಯುವುದು ನಡುವೆ. ಸ್ಥೂಲವಾಗಿ, ಎರಡನ್ನೂ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಗಾಳಿಯ ಮೂಲಕ ದೊರೆಯುವ ಹೆಚ್ಚಿನ ಪಕ್ಷದ ಕೆಲಸವು ವ್ಯಾಟುಗಳಲ್ಲಿ ಬರುವುದು. ಉದಾಹರಣೆಗೆ ಎರಡು ಯಂತ್ರಗಳನ್ನು ಕಲ್ಪಿಸೋಣ. ಮೊದಲನೆಯದು 20 ಕಿಲೋಪ್ಯಾಸ್ಕಲ್, 50 ಲೀಟರ್. ಎರಡನೆಯದು 30 ಕಿಲೋಪ್ಯಾಸ್ಕಲ್, 25 ಲೀಟರ್. ಲೆಕ್ಕದಲ್ಲಿ ಮೊದಲನೆಯದಕ್ಕೆ 250 ವ್ಯಾಟು, ಎರಡನೆಯದಕ್ಕೆ 187. ಹಾಗೆಂದು ಮೊದಲನೆಯದೇ ಸರ್ವತ್ರ ಶ್ರೇಷ್ಠವೇ? ಅಲ್ಲ. ಸೋಫಾದ ಮೇಲೆ ಒತ್ತಿ ಹಿಡಿಯುವ ಕಿರಿಬಾಯಿಯಲ್ಲಿ ಸೆಕೆಂಡಿಗೆ 10 ಲೀಟರ್ ಗಾಳಿಯಷ್ಟೇ ನುಸುಳುವುದೆಂದು ಇಟ್ಟುಕೊಂಡರೆ, ಮೊದಲನೆಯದರಲ್ಲಿ 16, ಎರಡನೆಯದರಲ್ಲಿ 18 ಕಿಲೋಪ್ಯಾಸ್ಕಲ್ ಉಳಿದಿರುವುದು. ಕಾರ್ಪೆಟ್ಟಿನ ಮೇಲೆ ಅಗಲಬಾಯಿಯಲ್ಲಿ 20 ಲೀಟರ್ ಹರಿದರೆ ಮೊದಲನೆಯದರಲ್ಲಿ 12, ಎರಡನೆಯದರಲ್ಲಿ 6 ಮಾತ್ರ. ಆದುದರಿಂದ ಸೋಫಾ ಮತ್ತು ಕಾರಿನ ಆಸನಗಳೇ ಮುಖ್ಯವಾದ ಮನೆಗೆ ಎರಡನೆಯದು, ವಿಸ್ತಾರವಾದ ಹಾಸುಗಳಿರುವಲ್ಲಿ ಮೊದಲನೆಯದು.

ವೃತ್ತಿಯವರ ಯಂತ್ರಗಳಲ್ಲಿ ಎರಡು ಮೋಟಾರುಗಳಿರುವುದುಂಟು. ಅವನ್ನು ಹೂಡುವ ಕ್ರಮವು ನಮ್ಮ ಹಳೆಯ ಏತವನ್ನು ನೆನಪಿಗೆ ತರುವುದು. ಒಂದು ಏತದ ಮೇಲೆ ಇನ್ನೊಂದನ್ನು ಹೂಡಿದರೆ ನೀರು ಹೆಚ್ಚು ಎತ್ತರಕ್ಕೆ ಏರೀತು; ಪಕ್ಕಪಕ್ಕದಲ್ಲಿ ಹೂಡಿದರೆ ಅದೇ ಎತ್ತರಕ್ಕೆ ಹೆಚ್ಚು ನೀರು ಬಂದೀತು. ಮೋಟಾರುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಸೆಳೆತವೂ, ಸಮಾನಾಂತರದಲ್ಲಿ ಜೋಡಿಸಿದರೆ ಪ್ರವಾಹವೂ ವರ್ಧಿಸುವುದು. ಎರಡು ಹಂತ, ಮೂರು ಹಂತದ ಮೋಟಾರೆಂದು ಮಾರಾಟಗಾರನು ಹೇಳಿದರೆ, ಒಂದೇ ಅಚ್ಚಿನ ಮೇಲೆ ಅಷ್ಟು ಪಂಕಗಳು ಸಾಲಾಗಿವೆಯೆಂದು ತಿಳಿಯಬೇಕು; ಅದೂ ಸೆಳೆತಕ್ಕಾಗಿಯೇ. ಇಂತಹ ಎರಡು ಮೋಟಾರುಗಳು ಒಟ್ಟು 2400 ವ್ಯಾಟು ತಿಂದರೆ 10 ಆಂಪಿಯರಿಗಿಂತ ಹೆಚ್ಚು ವಿದ್ಯುತ್ತು ಹರಿಯುವುದು. ಮೂಲೆಯ 6 ಆಂಪಿಯರಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಲಾಗದು.

ವಿದ್ಯುತ್ತಿನ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಮಳೆಗಾಲದ ಸಂಜೆ ನಮ್ಮ ಹಳ್ಳಿಗಳಲ್ಲಿ ದೀಪವು ಮಂಕಾಗುವುದು ಎಲ್ಲರೂ ಕಂಡುದೇ. ವೋಲ್ಟೇಜು ಇಳಿದರೆ ಮೋಟಾರಿನ ವೇಗವೂ ಇಳಿಯುವುದು. ವೇಗದಲ್ಲಿ ಹತ್ತನೆಯ ಒಂದಂಶವು ಕಡಮೆಯಾದರೆ ಸೆಳೆತವು ನೂರಕ್ಕೆ 81ಕ್ಕೂ, ಕೆಲಸವು 73ಕ್ಕೂ ಇಳಿಯುವುದು. ಹಗಲಿನಲ್ಲಿ ತೊಳೆಯುವುದು ಬಿಸಿಲಿಗಾಗಿ ಮಾತ್ರವಲ್ಲ.

ಕೊಳವೆಯನ್ನು ಉಪೇಕ್ಷಿಸಬಾರದು. ಉದ್ದವಾದಷ್ಟೂ ಇಕ್ಕಟ್ಟಾದಷ್ಟೂ ಅದು ಸೆಳೆತವನ್ನು ದಾರಿಯಲ್ಲಿಯೇ ನುಂಗುವುದು. ತೊಟ್ಟಿಯ ಮುಚ್ಚಳದ ರಬ್ಬರು ಸೀಳಿದ್ದರಂತೂ ಎಂತಹ ಮೋಟಾರೂ ವ್ಯರ್ಥ.

ಪರೀಕ್ಷಿಸುವ ಬಗೆ ಸುಲಭ. ಹಾಸಿನ ಒಂದು ತುಂಡನ್ನು ತೂಗಿರಿ; ಅದರ ಮೇಲೆ ಒಂದು ಲೀಟರ್ ನೀರನ್ನು ಸಮವಾಗಿ ಚೆಲ್ಲಿ, ಯಂತ್ರದ ಬಾಯನ್ನು ಒಂದೇ ವೇಗದಲ್ಲಿ ಮೂರು ಬಾರಿ ಎಳೆದು, ಮರಳಿ ತೂಗಿರಿ. ಹೆಚ್ಚಾದ ತೂಕವೇ ಉಳಿದ ನೀರು. ಎರಡು ಯಂತ್ರಗಳಿಗೆ ಒಂದೇ ತುಂಡನ್ನು, ಪೂರ್ತಿ ಒಣಗಿಸಿದ ಮೇಲೆ, ಬಳಸಬೇಕು. ತೊಟ್ಟಿಯಲ್ಲಿ ಎದ್ದ ನೊರೆಯನ್ನು ನೋಡಿ ಲೆಕ್ಕ ಹಾಕುವುದು ಬೇಡ. ನಿತ್ಯದ ಬಳಕೆಯಲ್ಲಿಯೂ ಒಮ್ಮೆ ನೀರು ಚಿಮ್ಮಿಸಿ ಎಳೆದ ಮೇಲೆ, ನೀರಿಲ್ಲದೆ ಎರಡು ಬಾರಿ ನಿಧಾನವಾಗಿ ಎಳೆಯುವ ರೂಢಿ ಒಳ್ಳೆಯದು.

ಬಾಯನ್ನು ಮುಚ್ಚಿದಾಗ ಮೋಟಾರು ಕೀರಲು ದನಿಯಿಂದ ಕೂಗುವುದನ್ನು ಕೇಳಿ ಗೃಹಿಣಿಯರು ಹೆದರುವುದುಂಟು. ಆಗ ಅದಕ್ಕೆ ಎಸೆಯಲು ಗಾಳಿಯಿಲ್ಲದೆ ಭಾರವು ಇಳಿದು ವೇಗವು ಏರಿರುವುದು, ಅಷ್ಟೆ. ತೊಟ್ಟಿ ತುಂಬಿ ಒಳಗಿನ ತೇಲುಬೆಂಡು ದಾರಿಯನ್ನು ಮುಚ್ಚಿದಾಗಲೂ ಇದೇ ದನಿ. ಒಡನೆ ನಿಲ್ಲಿಸಿ ತೊಟ್ಟಿಯನ್ನು ಬರಿದುಮಾಡಬೇಕು. ನಿಜವಾಗಿ ಹೆದರಬೇಕಾದುದು ಒಣಧೂಳಿನ ಯಂತ್ರದಿಂದ ನೀರನ್ನು ಹೀರಿಸುವವರಿಗಾಗಿ. ಅದರಲ್ಲಿ ಹೀರಿದ ಗಾಳಿಯೇ ಮೋಟಾರಿನ ತಂತಿಗಳ ಮಧ್ಯೆ ಹಾಯ್ದು ಅವನ್ನು ತಣಿಸುವುದು. ಆ ದಾರಿಯಲ್ಲಿ ನೀರು ಬಂದರೆ ಯಂತ್ರಕ್ಕೂ ಹಿಡಿದವರಿಗೂ ಅಪಾಯ. ತೊಳೆಯುವ ಯಂತ್ರದ ಮೋಟಾರಿಗೆ ತಣಿಸುವ ಗಾಳಿಯು ಪ್ರತ್ಯೇಕ ದಾರಿಯಿಂದ ಬರಬೇಕು. ಇದನ್ನು ಕೇಳಿ ತಿಳಿದೇ ಹಣ ಕೊಡಿರಿ.

ಈ ಮೋಟಾರುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬನ್ ಬ್ರಷ್ಷುಗಳಿರುವುವು. ಅವು ಸವೆಯುವ ವಸ್ತು. ನಮ್ಮ ಉಪ್ಪುಗಾಳಿಯೋ ಲೋಹದ ಭಾಗಗಳನ್ನು ಬೇಗನೆ ತಿನ್ನುವುದು. ಕೆಲಸ ಮುಗಿದ ಮೇಲೆ ಎರಡು ನಿಮಿಷ ಬರಿಗಾಳಿಯಲ್ಲಿ ಓಡಿಸಿ, ತೊಟ್ಟಿಗಳನ್ನು ತೊಳೆದು, ಮುಚ್ಚಳ ತೆರೆದಿಡಬೇಕು. ಬ್ರಷ್ಷುಗಳು ಕುಮಟೆಯಲ್ಲಿಯೋ ಹೊನ್ನಾವರದಲ್ಲಿಯೋ ಸಿಕ್ಕುವುವೇ ಎಂಬುದನ್ನು ಯಂತ್ರ ಕೊಳ್ಳುವ ದಿನವೇ ವಿಚಾರಿಸಿ, ಒಂದು ಜೊತೆಯನ್ನು ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಲೇಸು.