ಒಬ್ಬ ಸೇನಾನಿಯ ರಾಜೀನಾಮೆ ಪತ್ರ

“ನಾಲ್ಕು ವರ್ಷ ಮಿಲಿಟರಿ ಆಡಳಿತ ಬರಲಿ ಸ್ವಾಮಿ, ಎಲ್ಲವೂ ತಾನಾಗಿ ನೆಟ್ಟಗಾಗುತ್ತದೆ!”

ಗಾಂಧಿ ಬಜಾರಿನ ಹೋಟೆಲಿನಲ್ಲಿ ಕಾಫಿಯ ಲೋಟ ಮುಂದಿಟ್ಟುಕೊಂಡು ಹಿರಿಯರೊಬ್ಬರು ಹೀಗೆ ಉದ್ಗರಿಸುವುದನ್ನು ಓದುಗರು ಎಷ್ಟೋ ಸಲ ಕೇಳಿರಬಹುದು. ನಲ್ಲಿಯಲ್ಲಿ ನೀರು ಬಾರದಿದ್ದರೂ, ರಸ್ತೆಯಲ್ಲಿ ಹೊಂಡ ಬಿದ್ದರೂ ಅವರು ಸೂಚಿಸುವ ಮದ್ದು ಇದೊಂದೇ. ಆ ಮದ್ದಿನ ಗುಣವೇನೆಂಬುದನ್ನು ಅರಿಯಲು ನಮ್ಮ ಕೊಡಗಿನ ಇಬ್ಬರು ಸೇನಾನಿಗಳ ಬಾಳನ್ನು ನೋಡಿದರೆ ಸಾಕು.

1958ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಸೇನಾಧಿಪತಿ ಅಯೂಬ್ ಖಾನರು ಅಧಿಕಾರವನ್ನು ಕೈವಶ ಮಾಡಿಕೊಂಡರು. ಆಗ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಜನರಲ್ ಕೆ. ಎಸ್. ತಿಮ್ಮಯ್ಯನವರು. 1948ರಲ್ಲಿ ಜೋಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿದ ಧೀರರು; ಸಿಪಾಯಿಗಳಿಗೆ ಅಚ್ಚುಮೆಚ್ಚಿನವರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರಿಗೂ ಅವರಿಗೂ ಸರಿಬೀಳಲಿಲ್ಲ.

ಮನನೊಂದ ಆ ಸೇನಾನಿ ಮಾಡಿದ್ದೇನು? 1959ರ ಆಗಸ್ಟ್ 31ರಂದು ಒಂದು ರಾಜೀನಾಮೆ ಪತ್ರ ಬರೆದರು, ಅಷ್ಟೆ! ಪ್ರಧಾನಿ ನೆಹರೂ ಕರೆದು ಮಾತನಾಡಿದ ಮೇಲೆ ಅದನ್ನೂ ಹಿಂತೆಗೆದುಕೊಂಡರು. ಜನರ ಸರ್ಕಾರವೇ ಸೇನೆಗಿಂತ ಮೇಲು, ಆದರೂ ಅದು ತಜ್ಞರ ಸಲಹೆಗೆ ಕಿವಿಗೊಡಬೇಕು ಎಂದು ನೆಹರೂ ಸಂಸತ್ತಿನಲ್ಲಿ ಹೇಳಿದರು. ತಿಮ್ಮಯ್ಯನವರು 1961ರಲ್ಲಿ ಸದ್ದಿಲ್ಲದೆ ನಿವೃತ್ತರಾದರು.

ಮಂತ್ರಿಗಳು ತಪ್ಪೇ ಮಾಡಲಿಲ್ಲವೆಂದಲ್ಲ. 1962ರಲ್ಲಿ ಚೀನದೆದುರು ನಾವು ಸೋತೆವು. ಆದರೆ ಜನಪ್ರತಿನಿಧಿಗಳ ಆಕ್ರೋಶಕ್ಕೆ ಮಣಿದು ಮೆನನ್ನರು ಪದವಿ ಬಿಡಬೇಕಾಯಿತು. ಅತ್ತ 1965ರ ಯುದ್ಧವಾದ ಮೇಲೂ ಅಯೂಬರು ಗದ್ದುಗೆಯಲ್ಲೇ ಉಳಿದರು. 1969ರಲ್ಲಿ ಇಳಿದಾಗಲೂ ಅಧಿಕಾರವನ್ನು ಒಪ್ಪಿಸಿದ್ದು ಇನ್ನೊಬ್ಬ ಜನರಲ್ ಯಾಹ್ಯಾ ಖಾನರಿಗೆ. ತಪ್ಪು ಮಾಡಿದ ಮಂತ್ರಿಯನ್ನು ಇಳಿಸಲು ಸಂಸತ್ತುಂಟು. ತಪ್ಪು ಮಾಡಿದ ಸರ್ವಾಧಿಕಾರಿಯನ್ನು ಇಳಿಸುವವರಾರು?

ಇನ್ನೊಬ್ಬರು ಕೆ. ಎಂ. ಕಾರ್ಯಪ್ಪನವರು. 1949ರ ಜನವರಿ 15ರಂದು ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರೇ. ನಿವೃತ್ತರಾದ ಎಷ್ಟೋ ವರ್ಷಗಳ ಮೇಲೆ, 1971ರಲ್ಲಿ, ರಾಜಕೀಯಕ್ಕೆ ಇಳಿಯಬಯಸಿದರು. ಹಿಡಿದ ದಾರಿ ಯಾವುದು? ಮುಂಬಯಿಯಿಂದ ಲೋಕಸಭೆಗೆ ನಿಂತು ಜನರ ಮತ ಕೇಳಿದರು. ಜನ ಒಪ್ಪಲಿಲ್ಲ, ಸೋತರು.

ಲಕ್ಷಾಂತರ ಸೈನಿಕರಿಗೆ ಆಜ್ಞೆಯಿತ್ತವರೇ ಮತದಾರನ ಮುಂದೆ ಕೈಮುಗಿದು ನಿಂತ ನಾಡು ಇದು. ಗಾಂಧಿ ಬಜಾರಿನ ಆ ಹಿರಿಯರಿಗೆ ಇದನ್ನೊಮ್ಮೆ ನೆನಪಿಸಿ. ನಲ್ಲಿಯ ನೀರಿಗಾಗಿ ಗದರಿಸಿ ಕೇಳುವ ಹಕ್ಕು ಅವರಿಗೆ ಉಳಿದಿರುವುದೂ ಅದರಿಂದಲೇ.